ಅರ್ಧ ಸುಣ್ಣ ಹೊಡೆದ ಮಾಳಿಗೆ

ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ. ಹನ್ನೊಂದೂವರೆ ಆಗಿರಬೇಕು. ಪಡುವಣ ಗೋಡೆಗೆ ಕೈಯಿಟ್ಟು ನೋಡಿದೆ. ರೊಟ್ಟಿ ಮಾಡಿ ಮುಗಿಸಿ ಒಲೆ ಆರಿಸಿದ ಮೇಲೂ ಹಂಚು ಬಿಸಿ ಬಿಡುವುದಿಲ್ಲವಲ್ಲ, ಹಾಗಿತ್ತು. ಹೊತ್ತು ಮುಳುಗಿ ಐದು ತಾಸಿನ ಹತ್ತಿರ ಬಂದಿತ್ತು. ಫ್ಯಾನು ತಿರುಗುತ್ತಿತ್ತು. ಆದರೆ ಅದು ಮಾಳಿಗೆಯ ಕಾವನ್ನೇ ನಮ್ಮ ಮೇಲೆ ತಳ್ಳುತ್ತಿತ್ತು. ಅವ್ವ ಮಂಚದ ಮೇಲೆ ಎದ್ದು ಕೂತಿದ್ದಳು. ಎರಡೂ ಕೈ ಮೊಣಕಾಲಿಗೆ ಊರಿ, ಹೆಗಲು ಮೇಲೆತ್ತಿ, ಬಾಯಿಂದ ಉಸಿರು ಎಳೆಯುತ್ತಿದ್ದಳು. ಮನೆಯಲ್ಲಿ ದಮ್ಮಿನವರು ಇದ್ದರೆ ಆ ಕೂರುವ ರೀತಿ ನಿಮಗೆ ಗೊತ್ತಿರುತ್ತದೆ. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಜರ್ ಹಚ್ಚಿದೆ. ಹತ್ತು ನಿಮಿಷ ಆ ಯಂತ್ರದ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಮಾತಿಲ್ಲ. ಮಾಸ್ಕ್ ತೆಗೆದ ಕೂಡಲೇ ಅವಳು ಕೇಳಿದ್ದು ಒಂದೇ. "ಗೋಡಿ ಇನ್ನಾ ಆರಿಲ್ಲೇನಪಾ?"

ತನ್ನ ಉಸಿರಿನ ಬಗ್ಗೆ ಏನೂ ಹೇಳಲಿಲ್ಲ. ಗೋಡೆಯ ಬಗ್ಗೆ ಕೇಳಿದಳು. ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು.

ರಾಯಚೂರಿನಲ್ಲಿ ಬಿಸಿಲು ಮತ್ತು ಗಾಳಿ ಎರಡು ಬೇರೆ ಬೇರೆ ಗೋಳು. ಬಿಸಿಲು ದೇವರು ಕೊಟ್ಟದ್ದು. ಬೂದಿ, ಧೂಳು, ಹೊಗೆ ಮನುಷ್ಯರು ಕೊಟ್ಟದ್ದು. ಹಾಗಾಗಿ ಬೂದಿಯ ಬಗ್ಗೆ ಜಗಳ ಆಡುತ್ತೇವೆ, ಮನವಿ ಬರೆಯುತ್ತೇವೆ. ಬಿಸಿಲಿಗೆ ಮಾತ್ರ "ನಮ್ಮೂರೇ ಹಂಗ" ಅಂದು ತಲೆಗೆ ಟವೆಲ್ ಸುತ್ತಿಕೊಂಡು ನಡೆಯುತ್ತೇವೆ. ನಾನೂ ಹಾಗೇ ಬೆಳೆದವನು. ಅವ್ವನ ದಮ್ಮು ಚಳಿಗಾಲದ ಕಾಯಿಲೆ, ಜನವರಿ ಬೆಳಗಿನ ಮಂಜು ಮತ್ತು ಹೊಗೆಯ ಕಾಯಿಲೆ ಅಂತಲೇ ತಿಳಿದಿದ್ದೆ. ಡಾಕ್ಟರು ಒಂದು ಸಲ, "ಯಾವ ಹೊತ್ತಿಗೆ ಜಾಸ್ತಿ ಆಗುತ್ತೆ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ರಿ" ಅಂದರು. ಬರೆದೆ. ಜನವರಿಯ ಬೆಳಗು ಅದರಲ್ಲಿ ಇತ್ತು, ನಿಜ. ಆದರೆ ಏಪ್ರಿಲ್-ಮೇ ಪುಟಗಳು ಅದಕ್ಕಿಂತ ತುಂಬಿಕೊಂಡಿದ್ದವು. ಅದೂ ಎರಡೇ ಹೊತ್ತು. ಮಧ್ಯಾಹ್ನ ಎರಡರಿಂದ ಐದು. ಆಮೇಲೆ ಮಲಗಿದ ಮೇಲೆ, ನಡುರಾತ್ರಿ.

ನೋಟ್‌ಬುಕ್ ನೋಡಿ ಡಾಕ್ಟರು ಹೇಳಿದ್ದು ಇಷ್ಟು. "ಬಿಸಿಲಿಗೆ ಗಾಳಿನೂ ಕೆಡುತ್ತರೀ. ಮಧ್ಯಾಹ್ನ ಕಿಟಕಿ ಮುಚ್ಚಿ, ಹೊರಗೆ ಬಿಡಬ್ಯಾಡ್ರಿ. ರಾತ್ರಿ ತೆರೀರಿ." ಮಧ್ಯಾಹ್ನದ ಮಾತು ಪಾಲಿಸಬಹುದಿತ್ತು. ರಾತ್ರಿ ಕಿಟಕಿ ತೆರೆದರೂ ತಂಪು ಬರಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಹೋದೆ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಮಾಳಿಗೆ ಮೇಲಿನ ರಾತ್ರಿಗಳು

ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಈಗಿನ ಮನೆ ಅದೇ ಜಾಗದಲ್ಲಿದೆ. ಮೊಳದಷ್ಟು ದಪ್ಪದ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ನಡುವೆ ಒಂದು ಬೆಳಕಿಂಡಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಅಜ್ಜ ಚೌಳು ಮಣ್ಣು ತರಿಸಿ ಮಾಳಿಗೆ ಮೇಲೆ ಹೊಸದಾಗಿ ಹರಡಿಸುತ್ತಿದ್ದ. ಆ ಮಣ್ಣು ನೀರು ಕುಡಿಯುವುದಿಲ್ಲ, ಹರಿಸಿಬಿಡುತ್ತದೆ.

ಬೇಸಿಗೆಯಲ್ಲಿ ಸಂಜೆ ಆರಕ್ಕೆ ನಮಗೆ ಮಕ್ಕಳಿಗೆ ಒಂದು ಕೆಲಸ ಇರುತ್ತಿತ್ತು. ಕೊಡದಲ್ಲಿ ನೀರು ಹೊತ್ತು ಮೇಲೆ ತರುವುದು, ಮಾಳಿಗೆಗೆ ಚಿಮುಕಿಸುವುದು. ಮೊದಲ ಕೊಡ ಬಿದ್ದಾಗ ಮಣ್ಣು ಸುಯ್ ಅನ್ನುತ್ತಿತ್ತು. ಎರಡನೆಯದಕ್ಕೆ ವಾಸನೆ ಏಳುತ್ತಿತ್ತು, ಮೊದಲ ಮಳೆಯ ವಾಸನೆ. ಮೂರನೆಯದಕ್ಕೆ ಅಜ್ಜಿ ಕೆಳಗಿಂದಲೇ ಕೂಗುತ್ತಿದ್ದಳು, "ಸಾಕ್ರಲೇ, ನೀರು ದೇವರು." ಅರ್ಧ ತಾಸು ಬಿಟ್ಟು ಚಾಪೆ, ಮೇಲೆ ಕೌದಿ. ತಲೆದೆಸೆಯಲ್ಲಿ ಮಣ್ಣಿನ ಹೂಜಿ. ಸಾಲಾಗಿ ಹದಿಮೂರು ಜನ. ಒಂದು ತುದಿಗೆ ಅಜ್ಜ, ಇನ್ನೊಂದು ತುದಿಗೆ ಕಾಕಾ. ಓಣಿಯ ಎಲ್ಲಾ ಮಾಳಿಗೆಗಳ ಮೇಲೂ ಹಾಗೇ ಜನ. ಮಾತು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿತ್ತು. ಗಂಜಿನಲ್ಲಿ, ಅಂದರೆ ನಮ್ಮ ಮಾರುಕಟ್ಟೆಯಲ್ಲಿ, ಅವತ್ತಿನ ಹತ್ತಿ ರೇಟು ಏನಾಯ್ತು, ಯಾರ ಮಗಳನ್ನು ನೋಡಲು ಯಾರು ಬಂದಿದ್ದರು, ಎಲ್ಲಾ. ಬಡಗಣ ದಿಕ್ಕಿಗೆ ಕೋಟೆ ಗುಡ್ಡ ಕಪ್ಪಗೆ ಕೂತಿರುತ್ತಿತ್ತು. ಮಾತು ಕೇಳುತ್ತಾ ಕೇಳುತ್ತಾ ನಿದ್ದೆ ಬರುತ್ತಿತ್ತು.

ನನಗೆ ಈಗ ಮುಖ್ಯ ಅನಿಸುವ ನೆನಪು ಅದಲ್ಲ. ಅದಕ್ಕಿಂತ ಸಣ್ಣದು. ರಾತ್ರಿ ಮೂರರ ಸುಮಾರಿಗೆ ಚಳಿ ಆಗುತ್ತಿತ್ತು. ಮೇ ತಿಂಗಳಲ್ಲಿ, ರಾಯಚೂರಿನಲ್ಲಿ! ಕೆಳಗಿನ ಕೌದಿಯ ಅಂಚು ಎಳೆದು ಮೈಮೇಲೆ ಹಾಕಿಕೊಳ್ಳುತ್ತಿದ್ದೆವು. ಅದಕ್ಕೆ ತಂಗಿಗೂ ನನಗೂ ಜಗಳ ಆಗುತ್ತಿತ್ತು. ಆಗ ಹಗಲು ಈಗಿನಷ್ಟು ಕಾಯುತ್ತಿರಲಿಲ್ಲವೇ? ಕಾಯುತ್ತಿತ್ತು. ನಲವತ್ತೆರಡು, ನಲವತ್ತಮೂರು ನಮಗೆ ಆಗಲೂ ಹೊಸದಲ್ಲ. ಆದರೆ ಆ ಕಾವು ರಾತ್ರಿ ಮನೆ ಬಿಟ್ಟು, ಓಣಿ ಬಿಟ್ಟು ಹೊರಡುತ್ತಿತ್ತು. ಈಗ ಹೊರಡುವುದಿಲ್ಲ. ನಮ್ಮೂರಿನ ಬಿಸಿಲು ಬದಲಾಗಿದ್ದಕ್ಕಿಂತ ನಮ್ಮೂರಿನ ರಾತ್ರಿ ಜಾಸ್ತಿ ಬದಲಾಗಿದೆ ಅಂತ ನನಗೆ ಅನಿಸುವುದು ಈ ಕೌದಿಯ ನೆನಪಿನಿಂದ.

ಆ ಮನೆಯನ್ನು ನಾನು ಸುಮ್ನೆ ಹೊಗಳುವುದಿಲ್ಲ. ಜೋರು ಮಳೆಗೆ ಸೋರುತ್ತಿತ್ತು. ಜಂತಿಯಿಂದ ಚೇಳು ಬೀಳುತ್ತಿತ್ತು. ಅನ್ನದ ತಟ್ಟೆಗೆ ಮಣ್ಣು ಉದುರುತ್ತಿತ್ತು. 1997ರಲ್ಲಿ ಅಪ್ಪ ಮತ್ತು ಕಾಕಾ ಸೇರಿ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದಾಗ ಎಲ್ಲರಿಗಿಂತ ಖುಷಿಪಟ್ಟವಳು ಅವ್ವ. ಅವಳ ಖುಷಿ ಸರಿಯಾಗಿಯೇ ಇತ್ತು. ವರ್ಷವಿಡೀ ಕಸ ಹೊಡೆದು, ಮಣ್ಣು ಸಾರಿಸಿ ಸಾಕಾಗಿತ್ತು ಅವಳಿಗೆ.

ಹೊಸ ಮಾಳಿಗೆ ಮೇಲೂ ನಾಲ್ಕೈದು ಬೇಸಿಗೆ ಮಲಗಿದೆವು. ಆಮೇಲೆ ಬಿಟ್ಟೆವು. ಕಾರಣ ಕಾವಲ್ಲ, ಬೂದಿ. ಊರ ಸುತ್ತ ಅಕ್ಕಿ ಗಿರಣಿಗಳು ಹೆಚ್ಚಾದವು. ಬತ್ತದ ಹೊಟ್ಟು ಉರಿಸಿ ಬಾಯ್ಲರ್ ನಡೆಸುತ್ತಾರೆ. ಗಾಳಿ ಈ ಕಡೆ ತಿರುಗಿದ ರಾತ್ರಿ ಕರಿ ಬೂದಿಯ ಎಸಳು ಹೊದಿಕೆ ಮೇಲೆ ಬೀಳುತ್ತಿದ್ದವು. ಬೆಳಿಗ್ಗೆ ಕೈ ಆಡಿಸಿದರೆ ಕಾಡಿಗೆ ಗೆರೆ. ಮೂಗು ಒರೆಸಿದರೂ ಕಪ್ಪು. ಅವ್ವನಿಗೆ ಮೊದಲ ಸಲ ದಮ್ಮು ಕಾಣಿಸಿಕೊಂಡದ್ದು ಆ ದಿನಗಳಲ್ಲೇ. ಹೀಗೆ ಹೊರಗಿನ ಗಾಳಿ ನಮ್ಮನ್ನು ಒಳಗೆ ಅಟ್ಟಿತು. ಒಳಗೆ ಬಂದರೆ ಗೋಡೆ ಆರದೇ ಕಾದು ಕೂತಿತ್ತು.

ಆರದ ರಾತ್ರಿ

ಊರು ಹಳ್ಳಿಗಿಂತ ಬಿಸಿ ಅನ್ನುವುದು ಹೊಸ ಮಾತೇನಲ್ಲ. ಲಂಡನ್ನಿನಲ್ಲಿ ಲ್ಯೂಕ್ ಹೋವರ್ಡ್ ಅಂತ ಒಬ್ಬ ಔಷಧಿ ವ್ಯಾಪಾರಿ ಇದ್ದ. ಮೋಡಗಳಿಗೆ ನಾವು ಶಾಲೆಯಲ್ಲಿ ಓದುವ ಹೆಸರು ಕೊಟ್ಟವನು ಅವನೇ. 1800ರ ನಂತರದ ವರ್ಷಗಳಲ್ಲಿ ಅವನು ಊರೊಳಗಿನ ಮತ್ತು ಊರ ಹೊರಗಿನ ತಾಪಮಾನವನ್ನು ದಿನದಿನವೂ ಹೋಲಿಸಿದ. ವ್ಯತ್ಯಾಸ ಹಗಲಿಗಿಂತ ರಾತ್ರಿಯೇ ಚೆನ್ನಾಗಿ ಕಂಡಿತು. ಊರಿನ ರಾತ್ರಿ ಎರಡು ಡಿಗ್ರಿಯಷ್ಟು ಬೆಚ್ಚಗಿತ್ತು. ಕಲ್ಲು, ಇಟ್ಟಿಗೆ ಹಗಲು ಕಾವು ಕುಡಿದು ರಾತ್ರಿ ಕಾರುತ್ತವೆ. ಕಾವು ಮೇಲೆ ಆಕಾಶಕ್ಕೆ ಹೋಗಬೇಕು ಅಂದರೆ ತೆರೆದ ಜಾಗ ಬೇಕು. ಇಕ್ಕಟ್ಟಾದ ಓಣಿಯಲ್ಲಿ ಒಂದು ಗೋಡೆ ಕಾರಿದ ಕಾವನ್ನು ಎದುರಿನ ಗೋಡೆ ಹಿಡಿದುಕೊಳ್ಳುತ್ತದೆ.

ನಮ್ಮಲ್ಲಿ ಕಲ್ಲಿಗೇನು ಬರ? ಕೋಟೆ ಗುಡ್ಡದ ಬಂಡೆ ರಾತ್ರಿ ಎಂಟಕ್ಕೂ ಕೂತರೆ ಸುಡುತ್ತದೆ. ಆದರೆ ಗುಡ್ಡ ಮೊದಲಿಂದಲೂ ಅಲ್ಲೇ ಇತ್ತು. ಮಾವಿನಕೆರೆಯ ನೀರೂ ಪಕ್ಕದಲ್ಲಿ ಇತ್ತು. ಈಗ ನಾವು ಊರ ತುಂಬಾ ಸಣ್ಣ ಸಣ್ಣ ಗುಡ್ಡಗಳನ್ನು ಕಟ್ಟಿದ್ದೇವೆ. ಮನೆ ಮುಂದಿನ ಅಂಗಳಕ್ಕೆ ಸಿಮೆಂಟು, ಓಣಿಗೆ ಸಿಮೆಂಟು, ಚರಂಡಿಯ ಮೇಲೂ ಸಿಮೆಂಟು. ನೀರು ಇಂಗಲು ಒಂದು ಅಡಿ ಮಣ್ಣಿಲ್ಲ. ಮಣ್ಣಿನಿಂದ, ಎಲೆಯಿಂದ ನೀರು ಆವಿಯಾಗುವಾಗ ಕಾವನ್ನೂ ತೆಗೆದುಕೊಂಡು ಹೋಗುತ್ತದೆ. ಹೂಜಿ ತಂಪಾಗುವುದು ಹಾಗೇ ಅಲ್ವಾ? ನಮ್ಮ ಊರೇ ಒಂದು ಕಾಲಕ್ಕೆ ಸ್ವಲ್ಪ ಮಟ್ಟಿಗೆ ಹೂಜಿಯಂತಿತ್ತು. ಈಗ ಅದಕ್ಕೆ ಸಿಮೆಂಟು ಮೆತ್ತಿದ್ದೇವೆ.

ಹವಾಮಾನ ಇಲಾಖೆಯವರು ಈಗ ರಾತ್ರಿಯ ಲೆಕ್ಕವನ್ನೂ ಇಡುತ್ತಾರೆ. ಹಗಲು 40 ಡಿಗ್ರಿ ದಾಟಿ, ರಾತ್ರಿಯ ಕನಿಷ್ಠ ತಾಪಮಾನ ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಅದನ್ನು ಬಿಸಿ ರಾತ್ರಿ ಅನ್ನುತ್ತಾರೆ. ರಾತ್ರಿ ಮೈ ಆರದಿದ್ದರೆ ಮಾರನೇ ದಿನದ ಬಿಸಿಲನ್ನು ತಡೆಯಲು ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮುದುಕರಿಗೆ, ದಮ್ಮಿನವರಿಗೆ, ಹಸುಗೂಸಿಗೆ ಇದು ಜೀವದ ಪ್ರಶ್ನೆ.

ಇನ್ನು ಎಸಿ. ನಾವೂ ಹಾಕಿಸಿದ್ದೇವೆ. ಅವ್ವನಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅದು ಒಳಗಿನ ಕಾವನ್ನು ಓಣಿಗೆ ಎಸೆಯುತ್ತದೆ. ಓಣಿಯಲ್ಲಿ ಹನ್ನೊಂದು ಮನೆಗೆ ಎಸಿ ಇದೆ. ಹನ್ನೊಂದು ಪೆಟ್ಟಿಗೆಗಳು ಎಸಿ ಇಲ್ಲದ ಮನೆಗಳ ಕಿಟಕಿಗೆ ಬಿಸಿ ಗಾಳಿ ಊದುತ್ತವೆ. ನಮ್ಮ ಪೆಟ್ಟಿಗೆಯ ಎದುರಿಗೆ ಇರುವುದು ಶೀಟಿನ ಮನೆ, ಗಂಜಿನಲ್ಲಿ ಹಮಾಲಿ ಮಾಡುವವರದು. ಎಸಿ ಹಚ್ಚುವಾಗೆಲ್ಲ ಅದು ನನಗೆ ಚುಚ್ಚುತ್ತದೆ.

ಕರೆಂಟು ಎಲ್ಲಿಂದ ಬರುತ್ತದೆ ಅಂತ ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಇನ್ನೆರಡು. ಎಲ್ಲಾ ಕಲ್ಲಿದ್ದಲಿನವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬೂದಿಯೇ ಇರುತ್ತದೆ. ಹಗಲು ಹೊತ್ತು ರಾಜ್ಯಕ್ಕೆ ಪಾವಗಡದಂಥ ಕಡೆಯಿಂದ ಸೋಲಾರ್ ಕರೆಂಟು ಸಾಕಷ್ಟು ಸಿಗುತ್ತದೆ. ರಾತ್ರಿ ಸೂರ್ಯ ಇಲ್ಲ. ಆಗ ಕಲ್ಲಿದ್ದಲಿನ ಮೇಲೆ ಭಾರ ಬೀಳುತ್ತದೆ. ಅಂದರೆ ಬೆಂಗಳೂರಿನಲ್ಲಿರಲಿ, ರಾಯಚೂರಿನಲ್ಲಿರಲಿ, ಆರದ ಗೋಡೆಗಾಗಿ ರಾತ್ರಿ ಹಚ್ಚುವ ಪ್ರತಿ ಎಸಿಗೂ ಎಲ್ಲೋ ಒಂದಿಷ್ಟು ಕಲ್ಲಿದ್ದಲು ಉರಿಯುತ್ತದೆ. ಕಾವಿನಿಂದ ಹೊಗೆಗೆ ಹೋಗುವ ಒಂದು ದಾರಿ ಇದು. ಇನ್ನೊಂದು ದಾರಿ ಮಧ್ಯಾಹ್ನದ್ದು.

ಬಿಸಿಲಿನಲ್ಲಿ ಬೇಯುವ ಗಾಳಿ

ಮಧ್ಯಾಹ್ನ ಎರಡಕ್ಕೆ ಪೆಟ್ರೋಲ್ ಬಂಕಿನಲ್ಲಿ ನಿಂತು ನೋಡಿ. ಬೆಳಿಗ್ಗೆ ಏಳಕ್ಕೆ ಇಲ್ಲದ ವಾಸನೆ ಮೂಗಿಗೆ ಹೊಡೆಯುತ್ತದೆ. ಕಾವಿಗೆ ಪೆಟ್ರೋಲು ಆವಿಯಾಗಿ ಹಾರುತ್ತಿರುತ್ತದೆ. ಬಣ್ಣದಿಂದ, ಡಾಂಬರಿನಿಂದ, ನಿಲ್ಲಿಸಿದ ಬೈಕಿನ ಟ್ಯಾಂಕಿನಿಂದಲೂ ಇಂಥ ಆವಿ ಏಳುತ್ತದೆ. ಇನ್ನೊಂದು ಕಡೆ ವಾಹನ, ಜನರೇಟರ್, ಬಾಯ್ಲರ್, ಹೀಗೆ ಏನನ್ನು ಉರಿಸಿದರೂ ನೈಟ್ರೋಜನ್ ಆಕ್ಸೈಡ್‌ಗಳು ಬರುತ್ತವೆ. ಇವೆರಡೂ ಸುಡು ಬಿಸಿಲಿನಲ್ಲಿ ಕೂಡಿದರೆ ಓಝೋನ್ ತಯಾರಾಗುತ್ತದೆ. ಬಿಸಿಲು ಬೆಂಕಿ, ಊರು ಪಾತ್ರೆ. ಕಾವು ಜಾಸ್ತಿ ಆದಷ್ಟೂ ಈ ಅಡುಗೆ ಬೇಗ ಆಗುತ್ತದೆ.

ಓಝೋನ್ ಅಂದರೆ ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಪದರ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ಮೇಲೆ ಇದ್ದರೆ ಒಳ್ಳೆಯದು. ಮೂಗಿನ ಎತ್ತರಕ್ಕೆ ಬಂದರೆ ಉಸಿರಿನ ಕೊಳವೆಗಳನ್ನು ಕೆರಳಿಸಿ ಬಿಗಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೂದಿಯ ಹಾಗೆ ಹೊದಿಕೆ ಮೇಲೆ ಬೀಳುವುದಿಲ್ಲ. ಅದಕ್ಕೇ ನಾವು ಅದರ ಬಗ್ಗೆ ಜಗಳ ಆಡಿಲ್ಲ. ನಮ್ಮ ದೇಶದ ಮಾನದಂಡದಲ್ಲಿ ಅದಕ್ಕೆ ಮಿತಿ ಇದೆ. ಎಂಟು ತಾಸಿನ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ, ಒಂದು ತಾಸಿಗಾದರೆ 180. ದಿನದಲ್ಲಿ ಅದು ಏರುವುದು ನಡು ಮಧ್ಯಾಹ್ನದಿಂದ ಸಂಜೆಯ ಮುಂಚಿನವರೆಗೆ. ಅವ್ವನ ನೋಟ್‌ಬುಕ್ಕಿನ ಎರಡರಿಂದ ಐದನ್ನು ನಾನು ಆಗ ಇನ್ನೊಮ್ಮೆ ತೆಗೆದು ನೋಡಿದೆ. ಅವಳ ದಮ್ಮಿಗೆ ಇದೊಂದೇ ಕಾರಣ ಅನ್ನಲಾರೆ. ಕಾವೇ ಉಸಿರಿಗೆ ಭಾರ, ಧೂಳೂ ಇದೆ, ವಯಸ್ಸೂ ಇದೆ. ಆದರೆ ಆ ಹೊತ್ತಿಗೆ ಕಿಟಕಿ ಮುಚ್ಚಿ ಅಂದ ಡಾಕ್ಟರ ಮಾತು ಯಾಕೆ ಬಂತು ಅಂತ ತಿಳಿಯಿತು.

ಬಿಸಿಲಿಗೂ ಓಝೋನ್‌ಗೂ ಇರುವ ನಂಟು ಮೊದಲು ಬಯಲಾದದ್ದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. 1950ರ ಸುಮಾರಿಗೆ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಅದನ್ನು ಬಿಡಿಸಿದ. ಅಲ್ಲಿಯವರೆಗೆ ಅವನು ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದವನು. ಆಗ ಓಝೋನ್ ಅಳೆಯಲು ರಬ್ಬರ್ ಪಟ್ಟಿಯನ್ನು ಬಗ್ಗಿಸಿ ಹೊರಗಿಟ್ಟು, ಅದು ಎಷ್ಟು ಬೇಗ ಬಿರಿಯುತ್ತದೆ ಅಂತ ನೋಡುತ್ತಿದ್ದರಂತೆ. ರಬ್ಬರನ್ನು ಬಿರಿಸುವ ಗಾಳಿ ಎದೆಗೂಡಿನೊಳಗೆ ಏನು ಮಾಡೀತು ಅಂತ ಓದಿದಾಗ ಅನಿಸಿತು. ಅದೇ ಊರಿನ ಬಗ್ಗೆ ನಲವತ್ತು ವರ್ಷದ ನಂತರ ಆರ್ಥರ್ ರೋಸೆನ್‌ಫೆಲ್ಡ್ ಮತ್ತು ಜೊತೆಯವರು ಇನ್ನೊಂದು ಲೆಕ್ಕ ಹಾಕಿದರು. ಮಾಳಿಗೆ, ರಸ್ತೆಗಳ ಬಣ್ಣ ತಿಳಿ ಮಾಡಿ, ಮರ ನೆಟ್ಟರೆ ಊರು ಮೂರು ಡಿಗ್ರಿಯಷ್ಟು ತಂಪಾದೀತು. ಓಝೋನ್ ಮಿತಿ ಮೀರುವುದು ಶೇಕಡಾ 10ಕ್ಕಿಂತ ಜಾಸ್ತಿ ಇಳಿದೀತು. ಹೊಗೆ ಕೊಳವೆಗೆ ಕೈ ಹಚ್ಚದೆ, ಬರೀ ಊರನ್ನು ತಂಪು ಮಾಡಿ ಗಾಳಿ ಸುಧಾರಿಸಬಹುದು ಅನ್ನುವ ಮಾತು ಅಲ್ಲಿ ನನಗೆ ಮೊದಲ ಸಲ ಸಿಕ್ಕಿತು.

ನಮ್ಮ ಕಡೆ ಏಪ್ರಿಲ್-ಮೇ ಬಂದರೆ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ ಎಂಟರಿಂದ ಒಂದೂವರೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಬೇಸಿಗೆಯಲ್ಲಿ ಹೀಗೆ ಆದೇಶ ಬರುತ್ತದೆ. ಒಳ್ಳೆಯ ಆದೇಶವೇ. ಆದರೆ ಆ ಒಂದೂವರೆಯ ನಂತರ ಗಂಜಿನಲ್ಲಿ ಚೀಲ ಹೊರುವವರಿಗೆ, ತಳ್ಳುಗಾಡಿಯವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಆಟೋದವರಿಗೆ ಬಾಗಿಲು ಮುಚ್ಚಿ ಮನೆಗೆ ಹೋಗುವ ಆದೇಶ ಇಲ್ಲ. ಭಾರ ಹೊರುವವನು ಕೂತವನಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ಒಳಗೆ ಎಳೆಯುತ್ತಾನೆ. ಊರಿನ ಗಾಳಿ ಕೆಟ್ಟ ಹೊತ್ತಿಗೆ, ಅತಿ ಹೆಚ್ಚು ಗಾಳಿ ಕುಡಿಯುವವರು ಅವರೇ.

ಸುಣ್ಣ

ಹೋದ ವರ್ಷ ಆ ರಾತ್ರಿಯ ನಂತರ ಮಾಳಿಗೆಗೆ ಸುಣ್ಣ ಹೊಡೆಯಲು ನಿರ್ಧರಿಸಿದೆ. ಅಂಗಡಿಯಲ್ಲಿ ತಂಪಿನ ಬಣ್ಣ ಅಂತ ಡಬ್ಬಿಯಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಸುಣ್ಣದ ಕಲ್ಲು ತಂದೆ. ರಾತ್ರಿ ಡ್ರಮ್ಮಿನ ನೀರಿಗೆ ಹಾಕಿದರೆ ಕೊತಕೊತ ಕುದಿಯಿತು. ಬೆಳಿಗ್ಗೆ ಸೋಸಿ, ಅಂಟು ಬೆರೆಸಿ, ಪೊರಕೆಯಂಥ ಕುಂಚದಿಂದ ಎರಡು ಸಲ ಬಳಿದೆವು. ಕಣ್ಣಿಗೆ ಕನ್ನಡಕ ಇರಲೇಬೇಕು, ಹನಿ ಸಿಡಿದರೆ ಕಷ್ಟ.

ಮಾಳಿಗೆ ಎರಡು ಪಾಲು. ಅರ್ಧ ನಮ್ಮದು, ಅರ್ಧ ಕಾಕಾನದು. ನಡುವೆ ಗೋಡೆ ಇಲ್ಲ, ಪಾಲು ಮಾಡುವಾಗ ಎಳೆದ ಒಂದು ಗೆರೆ ಇದೆ. ಪೂರ್ತಿ ಹೊಡೆಯೋಣ ಅಂದೆ. ಕಾಕಾ ಒಪ್ಪಲಿಲ್ಲ. "ಲೇ ತಮ್ಮಾ, ಬಿಸಿಲೂರಾಗ ಹುಟ್ಟಿ ಬಿಸಿಲಿಗೆ ಅಂಜಿದ್ರ ಹೆಂಗ? ನನಗ ಬ್ಯಾಡ. ಬಿಳಿ ಮಾಳಿಗಿ ಕಣ್ಣಿಗೆ ಹೊಡಿತೈತಿ." ಕಣ್ಣಿಗೆ ಹೊಡೆಯುವುದು ನಿಜ. ಹೊಸ ಸುಣ್ಣ ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ವಾಪಸ್ ಕಳಿಸುತ್ತದೆ. ಹಳೆಯ ಸಿಮೆಂಟು ಕಾಲು ಪಾಲಿನಷ್ಟು ಕಳಿಸಿ ಉಳಿದದ್ದನ್ನು ಕುಡಿಯುತ್ತದೆ. ಹೊಸ ಡಾಂಬರು ಇಪ್ಪತ್ತರಲ್ಲಿ ಒಂದು ಪಾಲು ಕಳಿಸಿದರೆ ಹೆಚ್ಚು.

ನಾಲ್ಕನೇ ದಿನ ಅವ್ವ ಸಂಡಿಗೆ ಒಣಗಿಸಿದ್ದು ತರಲು ಮೇಲೆ ಹೋದಳು. ಮಧ್ಯಾಹ್ನ ಹನ್ನೆರಡೂವರೆ. ನಾನು ಹಿಂದೆಯೇ ಓಡಿದೆ, ಅವಳು ಚಪ್ಪಲಿ ಇಲ್ಲದೆ ಹೋಗಿದ್ದಳು. ಬಿಳಿ ಭಾಗದಲ್ಲಿ ನಿಂತು ಆರಾಮಾಗಿ ಸಂಡಿಗೆ ಎತ್ತುತ್ತಿದ್ದಳು. ಒಂದು ಮೂಲೆಯ ಬಟ್ಟೆ ಗಾಳಿಗೆ ಕಾಕಾನ ಪಾಲಿಗೆ ಹೊರಳಿತ್ತು. ಅದನ್ನು ಎಳೆಯಲು ಗೆರೆ ದಾಟಿ ಒಂದು ಹೆಜ್ಜೆ ಇಟ್ಟಳು. "ಯವ್ವಾ!" ಅಂದು ಕಾಲು ಹಿಂದೆಗೆದಳು. ಮತ್ತೆ ಬಿಳಿಯ ಮೇಲೆ ನಿಂತಳು. ಮತ್ತೆ ಗೆರೆಯಾಚೆ ಹೆಬ್ಬೆರಳು ಇಟ್ಟು ನೋಡಿದಳು. ಎರಡೂ ಕಡೆ ಒಂದೇ ಸಿಮೆಂಟು, ಒಂದೇ ವರ್ಷ ಹಾಕಿದ್ದು, ಮೇಲೆ ಒಂದೇ ಸೂರ್ಯ. ಅವಳು ಅಲ್ಲಿಂದಲೇ ಕೂಗಿ ಚಿಗವ್ವನನ್ನು ಮೇಲೆ ಕರೆದಳು. ಇಬ್ಬರೂ ಮುದುಕಿಯರು ಗೆರೆಯ ಮೇಲೆ ಒಂದೊಂದು ಕಾಲು ಇಟ್ಟು ನೋಡುತ್ತಾ ನಿಂತಿದ್ದರು. ನಾನು ಓದಿದ್ದೆಲ್ಲವನ್ನೂ ಅವರು ಅಂಗಾಲಿನಿಂದ ಅರ್ಧ ನಿಮಿಷದಲ್ಲಿ ತಿಳಿದುಕೊಂಡರು.

ಅವತ್ತಿನಿಂದ ರಾತ್ರಿ ನಮ್ಮ ಕೋಣೆಯ ಮಾಳಿಗೆ ಹತ್ತಕ್ಕೆಲ್ಲಾ ಆರತೊಡಗಿತು. ಗೋಡೆ ಇನ್ನೂ ಬಿಸಿ ಇರುತ್ತಿತ್ತು, ಅದಕ್ಕೆ ಸುಣ್ಣ ಹೊಡೆದಿರಲಿಲ್ಲ. ಎಸಿಯನ್ನು ಎರಡು ತಾಸು ಹಾಕಿ ಆರಿಸಿದರೂ ನಡೆಯುತ್ತಿತ್ತು.

ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಬಿಳಿ ಮಾಳಿಗೆ ಬೂದು ಮಾಳಿಗೆ ಆಯಿತು. ಹೊಟ್ಟಿನ ಬೂದಿ, ರಸ್ತೆಯ ಧೂಳು ಒಂದೊಂದೇ ಪದರ ಕೂತು ಕಪ್ಪಾಯಿತು. ಕಪ್ಪಾದಷ್ಟೂ ಕಾವು ಕುಡಿಯತೊಡಗಿತು. ಅವ್ವನ ಅಂಗಾಲಿಗೆ ಅದೂ ಗೊತ್ತಾಯಿತು. ಅಲ್ಲಿಯವರೆಗೆ ನಾನು ಕಾವು ಗಾಳಿಯನ್ನು ಕೆಡಿಸುತ್ತದೆ ಅಂತ ಮಾತ್ರ ತಿಳಿದಿದ್ದೆ. ಕೆಟ್ಟ ಗಾಳಿಯೂ ಊರನ್ನು ಕಾಯಿಸುತ್ತದೆ ಅಂತ ನನ್ನ ಕಣ್ಣೆದುರೇ ಕಂಡಿತು. ತಂಪಾಗಲಿ ಅಂತ ನಾವು ಮಾಡಿದ್ದನ್ನು ಆ ಗಾಳಿ ಒಂದೊಂದು ಎಸಳಾಗಿ ಅಳಿಸುತ್ತದೆ. ಈಗ ಭಾನುವಾರ ಬೆಳಿಗ್ಗೆ ಮಾಳಿಗೆ ಗುಡಿಸಿ, ಬಟ್ಟೆ ಒಗೆದ ನೀರಿನಿಂದ ತೊಳೆಯುತ್ತೇನೆ. ಮೂಲೆಯಲ್ಲಿ ಸೇರುವ ಕರಿ ರಾಡಿಯನ್ನು ನೋಡಿದರೆ, ಇದು ಮಾಳಿಗೆಗೆ ಬಿದ್ದದ್ದು, ಎದೆಗೆ ಹೋದದ್ದು ಎಷ್ಟಿರಬಹುದು ಅನಿಸುತ್ತದೆ.

ಬಿಳಿ ಬಣ್ಣವೊಂದೇ ಸಾಲದು

ಹೀಗಾಗಿ ಸುಣ್ಣ ಹೊಡೆಯಿರಿ, ಎಲ್ಲಾ ಸರಿಹೋಗುತ್ತೆ ಅಂತ ನಾನು ಬರೆಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇತ್ತೀಚೆಗೆ ಮಾಡಿದ ಲೆಕ್ಕಗಳ ಪ್ರಕಾರ, ಊರಿನ ಮೇಲ್ಮೈ ತಂಪಾದರೆ ಬಿಸಿ ಗಾಳಿ ಮೇಲೇಳುವುದು ಕಡಿಮೆ ಆಗುತ್ತದೆ. ಆಗ ಹೊಗೆಯ ಸಣ್ಣ ಕಣಗಳು ಮೇಲೆ ಹೋಗಿ ಚದುರದೆ ನೆಲದ ಹತ್ತಿರ ಉಳಿಯಬಹುದು. ಓಝೋನ್ ಇಳಿದರೂ ಕಣ ಏರಬಹುದು. ಇದನ್ನು ಓದಿ ಸುಣ್ಣ ಬೇಡ ಅನ್ನುವುದು ತಪ್ಪು. ಕಾವು ಇಳಿಸುವ ಕೆಲಸವೂ ಹೊಗೆ ನಿಲ್ಲಿಸುವ ಕೆಲಸವೂ ಜೊತೆಜೊತೆಗೆ ಆಗಬೇಕು ಅಂತ ನನಗೆ ಅರ್ಥವಾಯಿತು. ಗಿರಣಿಯ ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಇರಬೇಕು, ಇದ್ದರೆ ರಾತ್ರಿಯೂ ಓಡಬೇಕು.

ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲಿ 2023ರಲ್ಲಿ ತಂಪು ಮಾಳಿಗೆಗೆ ಅಂತಲೇ ಐದು ವರ್ಷದ ಸರ್ಕಾರಿ ನೀತಿ ಬಂತು. 2028ರೊಳಗೆ 300 ಚದರ ಕಿಲೋಮೀಟರ್ ಮಾಳಿಗೆಯನ್ನು ತಂಪು ಮಾಡುವ ಗುರಿ. ಸರ್ಕಾರಿ ಕಟ್ಟಡಗಳಿಗೆ ಅದು ಕಡ್ಡಾಯ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕಿಂತ ಹೆಚ್ಚು ಜನ ಹೋದ ಮೇಲೆ, 2013ರಲ್ಲಿ ಊರಿಗೇ ಬಿಸಿಲನ್ನು ಎದುರಿಸುವ ಒಂದು ಯೋಜನೆ ಮಾಡಿದರು. ಆಮೇಲೆ ಅಲ್ಲಿ ಬಡವರ ಮನೆಗಳ ಶೀಟಿನ ಮೇಲೆ ಸುಣ್ಣ ಬಳಿಯುವ ಕೆಲಸವೂ ನಡೆಯಿತು. ಅವರ ಬಿಸಿಲು ನಮ್ಮದಕ್ಕಿಂತ ಬೇರೆ ಏನಲ್ಲ. ನಮ್ಮಲ್ಲಿ ಅಂಗನವಾಡಿ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಮಾಳಿಗೆಗಳಿಂದ ಶುರು ಮಾಡಬಹುದು. ಸುಣ್ಣ ಹೊಡೆಯುವುದು ನಮ್ಮ ಜನಕ್ಕೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ, ಪ್ರತಿ ಹಬ್ಬಕ್ಕೂ ಗೋಡೆಗೆ ಹೊಡೆಯುತ್ತಿದ್ದವರು ನಾವು.

ಗಾಳಿಗೆ ಅಂತ ಕೇಂದ್ರದ ಯೋಜನೆ 2019ರಿಂದ ಇದೆ. ಅದರಲ್ಲಿ ಕರ್ನಾಟಕದ ನಾಲ್ಕು ಊರು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ರಾಯಚೂರೂ ಇಲ್ಲ, ಬಳ್ಳಾರಿಯೂ ಇಲ್ಲ. ಇದ್ದಿದ್ದರೂ ಅದರ ಮುಖ್ಯ ಲೆಕ್ಕ ಧೂಳಿನ ಕಣದ್ದು. ಬಿಸಿಲಿಗೆ ಒಂದು ಕಡತ, ಗಾಳಿಗೆ ಒಂದು ಕಡತ, ಮರಕ್ಕೆ ಮೂರನೆಯ ಕಡತ. ಅವ್ವನ ಎದೆಯಲ್ಲಿ ಮೂರೂ ಒಂದೇ.

ಮರದ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಯಾವ ಮರ ಅನ್ನುವುದು ಮುಖ್ಯ. ನೆರಳಿಗೆ, ಹಸಿರಿಗೆ ಅಂತ ಬೇಗ ಬೆಳೆಯುವ ಏನನ್ನೋ ತಂದು ನೆಟ್ಟರೆ ಏನಾಗುತ್ತದೆ ಅಂತ ನಮ್ಮ ಸೀಮೆಗೆ ಗೊತ್ತು. ಪಕ್ಕದ ಜಿಲ್ಲೆಯ ಹೆಸರನ್ನೇ ಇಟ್ಟುಕೊಂಡ ಬಳ್ಳಾರಿ ಜಾಲಿ ಕೆರೆ, ಹೊಲ, ಗೋಮಾಳ ಎಲ್ಲಾ ನುಂಗಿತು. ಬರದಲ್ಲಿ ಬಡವರ ಒಲೆಗೆ ಕಟ್ಟಿಗೆ ಕೊಟ್ಟಿದೆ, ಅದನ್ನು ಮರೆಯಬಾರದು. ಆದರೂ ಅದರ ಕೆಳಗೆ ಒಬ್ಬರು ಚಾಪೆ ಹಾಸಿ ಮಲಗಿದ್ದು ನಾನು ನೋಡಿಲ್ಲ. ಈಗ ಎಷ್ಟೋ ಊರುಗಳಲ್ಲಿ ರಸ್ತೆ ನಡುವೆ ಕೋನೋಕಾರ್ಪಸ್ ಅನ್ನುವ, ಬೇಗ ಬೆಳೆಯುವ ಹೊರದೇಶದ ಗಿಡ ನೆಡುತ್ತಾರೆ. ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿತು. ನಮಗೆ ಬೇವು ಇದೆ, ಹೊಂಗೆ ಇದೆ, ಹುಣಸೆ ಇದೆ. ಬಿಸಿಲಿಗೆ ಬಗ್ಗದ, ಕಡಿಮೆ ನೀರಿನಲ್ಲಿ ಬದುಕುವ, ಮೇ ತಿಂಗಳಲ್ಲೂ ನೆರಳು ಕೊಡುವ ಮರಗಳು. ಹೊಂಗೆಯ ನೆರಳಿನ ತಂಪಿಗೆ ನಮ್ಮ ಮಾತಿನಲ್ಲೇ ತಾಯಿಯ ಮಡಿಲಿನ ಹೋಲಿಕೆ ಇದೆ. ಸಸಿ ನೆಡುವುದು ಸುಲಭ. ಇದ್ದ ಮರ ಉಳಿಸುವುದು ಕಷ್ಟ. ನೆಟ್ಟ ಸಸಿ ಒಂದು ಓಣಿಗೆ ನೆರಳಾಗಲು ಹದಿನೈದು ಇಪ್ಪತ್ತು ವರ್ಷ ಬೇಕು. ಅವ್ವನಿಗೆ ಈಗ ಎಪ್ಪತ್ತೆರಡು.

ನಮ್ಮ ಓಣಿ ರಸ್ತೆಗೆ ಕೂಡುವ ಮೂಲೆಯಲ್ಲಿ ಒಂದು ಬೇವಿನ ಮರ ಇದೆ. ಅಜ್ಜನ ಕಾಲದ್ದು. ಅದರ ಕೆಳಗೆ ಮಾತ್ರ ಸಿಮೆಂಟು ಇಲ್ಲ, ಮಣ್ಣಿದೆ. ಚಪ್ಪಲಿ ಹೊಲಿಯುವವರು ಒಬ್ಬರು ಅಲ್ಲೇ ಕೂರುತ್ತಾರೆ, ಮಧ್ಯಾಹ್ನ ಇಬ್ಬರು ಆಟೋದವರು ಊಟದ ಡಬ್ಬಿ ಬಿಚ್ಚುತ್ತಾರೆ. ಹೋದ ತಿಂಗಳು ರಸ್ತೆ ಅಗಲ ಮಾಡುವವರು ಬಂದು ಕಾಂಡದ ಸಿಪ್ಪೆ ಕೆತ್ತಿ, ಕೆಂಪು ಬಣ್ಣದಲ್ಲಿ 27 ಅಂತ ಬರೆದು ಹೋದರು. ಓಣಿಯವರೆಲ್ಲಾ ಸಹಿ ಮಾಡಿ ಮನವಿ ಕೊಟ್ಟಿದ್ದೇವೆ. ಮರವನ್ನು ನಡುವೆ ಬಿಟ್ಟು ರಸ್ತೆ ತಿರುಗಿಸಲು ಜಾಗ ಇದೆ ಅಂತ ಅಳೆದು, ನಕ್ಷೆ ಬರೆದು ಜೊತೆಗೆ ಇಟ್ಟಿದ್ದೇವೆ. ಮೊದಲ ಸಹಿ ಕಾಕಾನದು. ಉತ್ತರ ಇನ್ನೂ ಬಂದಿಲ್ಲ.

ದಿನಾ ಸಂಜೆ ಆರರ ನಂತರ, ಬಿಸಿಲು ಇಳಿದ ಮೇಲೆ, ಅವ್ವ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಆ ಮರದ ಕೆಳಗೆ ಹೋಗುತ್ತಾಳೆ. ದಮ್ಮಿನ ಔಷಧಿಯ ಪಂಪ್ ಒಂದು ಸೆರಗಿನ ಗಂಟಿನಲ್ಲಿ ಇರುತ್ತದೆ. ಇವತ್ತೂ ಹೋದಳು. ಕೆಂಪು ನಂಬರಿನ ಕಡೆ ಬೆನ್ನು ಮಾಡಿ, ಕಾಂಡಕ್ಕೆ ಕುರ್ಚಿ ಒರಗಿಸಿ ಕೂತಿದ್ದಾಳೆ.